ಒಂದೇ ತಂತಿ, ಇಬ್ಬರು ಬಾಡಿಗೆದಾರರು

ಟೆಲಿಫೋನಿನಲ್ಲಿ ನಾವು ಮಾತನಾಡುವಾಗ ಅದರ ತಾಮ್ರದ ಜೋಡಿತಂತಿಯ ಸಾಮರ್ಥ್ಯದ ಅತ್ಯಲ್ಪ ಭಾಗ ಮಾತ್ರ ಬಳಕೆಯಾಗುತ್ತದೆ. ಮಾತಿಗೆ ಸೆಕೆಂಡಿಗೆ ಸುಮಾರು 300ರಿಂದ 3,400ರವರೆಗಿನ ಕಂಪನಗಳು ಸಾಕು. ಅದೇ ತಂತಿಯು ಸೆಕೆಂಡಿಗೆ ಹತ್ತು ಲಕ್ಷ ಕಂಪನಗಳ ಸಂಕೇತವನ್ನೂ ಸ್ವಲ್ಪ ದೂರ ಒಯ್ಯಬಲ್ಲುದು. ಬರಿದಾಗಿರುವ ಈ ಮೇಲಂತಸ್ತಿನಲ್ಲಿ ಅಂತರಜಾಲವನ್ನು ಹರಿಸುವ ವಿಧಾನವೇ ಡಿಎಸ್‌ಎಲ್. ತಂತಿಯ ಎರಡು ತುದಿಗಳಲ್ಲಿಯೂ ಕಂಪನಗಳನ್ನು ಸೋಸುವ ಉಪಕರಣವನ್ನಿಟ್ಟರೆ ಮಾತೂ ಅಂತರಜಾಲವೂ ಒಂದಕ್ಕೊಂದು ತೊಡಕಾಗವು.

ಹಾಗಿದ್ದರೆ ಕೆಳಂತಸ್ತು ಒಬ್ಬರಿಗೆ, ಮೇಲಂತಸ್ತು ಇನ್ನೊಬ್ಬರಿಗೆ ಸೇರಬಹುದಲ್ಲವೆ? ಭೌತವಿಜ್ಞಾನದ ಆಕ್ಷೇಪವೇನೂ ಇಲ್ಲ. ಆಕ್ಷೇಪವಿದ್ದುದು ತಂತಿಯ ಒಡೆಯರಿಗೆ. ಅಮೆರಿಕಾ ಸಂಯುಕ್ತ ಸಂಸ್ಥಾನಗಳ 1996ರ ದೂರಸಂಪರ್ಕ ಶಾಸನವು, ಹಳೆಯ ಟೆಲಿಫೋನು ಕಂಪನಿಗಳು ತಮ್ಮ ಜಾಲದ ಭಾಗಗಳನ್ನು ಪ್ರತಿಸ್ಪರ್ಧಿಗಳಿಗೆ ಬಾಡಿಗೆಗೆ ಕೊಡಬೇಕೆಂದು ವಿಧಿಸಿತು. ಮೇಲಂತಸ್ತನ್ನಷ್ಟೇ ಕೇಳಿದರೂ ಕೊಡತಕ್ಕದ್ದೆಂದು ಅಲ್ಲಿಯ ಸಂಪರ್ಕ ಆಯೋಗ 1999ರಲ್ಲಿ ಆಜ್ಞಾಪಿಸಿತು. ಸ್ವಂತ ತಂತಿಯಿಲ್ಲದ ಸ್ವತಂತ್ರ ಕಂಪನಿಗಳು ಟೆಲಿಫೋನು ಕೇಂದ್ರದಲ್ಲಿ ತಮ್ಮ ಯಂತ್ರಗಳನ್ನಿರಿಸಿ ಬ್ರಾಡ್‌ಬ್ಯಾಂಡ್ ಮಾರತೊಡಗಿದವು.

ಈ ಅನುಕೂಲ ಬಹುಕಾಲ ಉಳಿಯಲಿಲ್ಲ. ಬೇಕಾದವರು ಇಡೀ ತಂತಿಯನ್ನೇ ಬಾಡಿಗೆಗೆ ಹಿಡಿಯಲೆಂದು ಆಯೋಗವು 2003ರಲ್ಲಿ ಮೇಲಂತಸ್ತಿನ ನಿಯಮವನ್ನು ಹಂತಹಂತವಾಗಿ ಕೈಬಿಡಲು ನಿರ್ಧರಿಸಿತು. ಅನಂತರ ಬಂದುದು ಒಂದು ಪದದ ವಿವಾದ. ಕೇಬಲ್ ಮೂಲಕ ಬರುವ ಅಂತರಜಾಲವು ‘ದೂರಸಂಪರ್ಕ ಸೇವೆ’ಯೋ, ‘ಮಾಹಿತಿ ಸೇವೆ’ಯೋ? ಮೊದಲನೆಯದಾದರೆ ಕೇಬಲನ್ನು ಅನ್ಯರಿಗೂ ತೆರೆಯಬೇಕಾಗುತ್ತಿತ್ತು. ಕ್ಯಾಲಿಫೋರ್ನಿಯದ ಬ್ರ್ಯಾಂಡ್ ಎಕ್ಸ್ ಎಂಬ ಸಣ್ಣ ಕಂಪನಿ ಹೂಡಿದ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯವು 2005ರ ಜೂನ್‌ನಲ್ಲಿ, ಅದು ಮಾಹಿತಿ ಸೇವೆಯೆಂಬ ಆಯೋಗದ ವ್ಯಾಖ್ಯೆಯನ್ನು ಎತ್ತಿಹಿಡಿಯಿತು. ಪಿಜ್ಜಾವನ್ನು ಮನೆಬಾಗಿಲಿಗೆ ತಲುಪಿಸುವ ಅಂಗಡಿ ತಾನು ಸಾಗಣೆಯ ಸೇವೆ ಒದಗಿಸುವುದಿಲ್ಲವೆಂದರೆ ಒಪ್ಪುವವರುಂಟೆ, ಎಂಬರ್ಥದಲ್ಲಿ ನ್ಯಾಯಮೂರ್ತಿ ಸ್ಕಾಲಿಯಾ ತಮ್ಮ ಭಿನ್ನಮತದಲ್ಲಿ ವಾದಿಸಿದರು. ನಮಗಂತೂ ಅದೇ ಸಮಂಜಸವಾಗಿ ತೋರುತ್ತದೆ.

ಆಗಸ್ಟ್‌ನಲ್ಲಿ ಆಯೋಗವು ಡಿಎಸ್‌ಎಲ್‌ಗೂ ಇದೇ ಹೆಸರನ್ನಿತ್ತಿತು. ಹಂಚಿಕೊಳ್ಳುವ ಭಯವಿಲ್ಲದಿದ್ದರೆ ಒಡೆಯರು ಹೊಸ ಜಾಲಗಳಿಗೆ ಹಣ ಹೂಡುವರೆಂಬುದು ಅದರ ನಂಬಿಕೆ, ಇದು ನಿರಾಧಾರವೆನ್ನಲಾಗದು. ಆದರೆ ಸ್ವತಂತ್ರ ಕಂಪನಿಗಳಿಗೆ ದೊರೆತುದು ಒಂದು ವರ್ಷದ ಗಡುವು. ಬಳಿಕ ಕೊಡುವುದೂ ಬಿಡುವುದೂ ಒಡೆಯರ ಇಚ್ಛೆ. ತಂತಿ ಮಾತ್ರ ಎಂದಿನಂತೆ ಎರಡನ್ನೂ ಹೊರಬಲ್ಲುದಾಗಿಯೇ ಇತ್ತು.

ಬ್ರಿಟನ್ನು ಬೇರೆ ದಾರಿ ಹಿಡಿಯಿತು. ಅಲ್ಲಿ 2006ರಲ್ಲಿ ತಂತಿಗಳ ಆಡಳಿತವನ್ನು ಓಪನ್‌ರೀಚ್ ಎಂಬ ಪ್ರತ್ಯೇಕ ವಿಭಾಗಕ್ಕೆ ವಹಿಸಿ, ಎಲ್ಲರಿಗೂ ಸಮಾನ ಷರತ್ತಿನಲ್ಲಿ ಒದಗಿಸುವ ಏರ್ಪಾಡಾಯಿತು. ಅಮೆರಿಕಾದಲ್ಲಿ ಇಡೀ ತಂತಿಯನ್ನು ಬಾಡಿಗೆಗೆ ಹಿಡಿದು ಉಳಿದವರು ಕೆಲವರು. ನಗರಗಳಲ್ಲಿ ಆ ಹಕ್ಕನ್ನೂ ಕ್ರಮೇಣ ಕೊನೆಗಾಣಿಸುವ ಆಜ್ಞೆ 2020ರಲ್ಲಿ ಹೊರಟಿತು. ಅವರಲ್ಲೊಂದಾದ ಕ್ಯಾಲಿಫೋರ್ನಿಯದ ಸೋನಿಕ್ ಕಂಪನಿಯು ಅಷ್ಟರೊಳಗೇ, 2011ರಲ್ಲಿ, ಸೆಬಾಸ್ಟೊಪೋಲ್ ಎಂಬ ಪುಟ್ಟ ಊರಿನಲ್ಲಿ ಸ್ವಂತ ಗಾಜಿನ ಎಳೆಗಳನ್ನು ಮನೆಮನೆಗೆ ಎಳೆಯತೊಡಗಿತ್ತು.