ಕಾಕ್ರಾಪಾರದ ಕಾವಲುಗಾರ

2016ರ ಮಾರ್ಚ್ 11ರ ಬೆಳಿಗ್ಗೆ, ಸೂರತ್ತಿಗೆ ಸುಮಾರು 80 ಕಿಲೋಮೀಟರ್ ದೂರದ ಕಾಕ್ರಾಪಾರ ಅಣು ವಿದ್ಯುತ್ ಸ್ಥಾವರದ ಮೊದಲನೆಯ ಘಟಕದಲ್ಲಿ ಭಾರಜಲವು ಸೋರಿತು. ಘಟಕವು ಒಡನೆಯೇ ಸ್ಥಗಿತಗೊಂಡಿತು. ಸ್ಥಾವರದೊಳಗೆ ತುರ್ತುಸ್ಥಿತಿ ಸಾರಲ್ಪಟ್ಟಿತು. ಅದನ್ನು ಮರಳಿ ನಡೆಸುವ ನಿರ್ಧಾರವು ಸ್ಥಾವರದವರದಾಗಿರಲಿಲ್ಲ. 1983ರಲ್ಲಿ ಸ್ಥಾಪಿತವಾದ ಅಣುಶಕ್ತಿ ನಿಯಂತ್ರಣ ಮಂಡಳಿಯ ಅಪ್ಪಣೆ ಬೇಕಾಗಿತ್ತು. ಸ್ಥಾವರಗಳು ಹೊರಬಿಡುವ ವಿಕಿರಣಯುಕ್ತ ತ್ಯಾಜ್ಯಕ್ಕೆ ಮಿತಿ ವಿಧಿಸುವುದೂ ಇದೇ ಮಂಡಳಿ. ಬಿರುಕುಬಿಟ್ಟ ಕೊಳವೆಯನ್ನು ತೆಗೆದು ಪರೀಕ್ಷಿಸಿದಾಗ ಅದರ ಹೊರಮೈಯಲ್ಲಿ ಸವೆತವು ಕಂಡುಬಂದಿತು. ಅಂತಹ ಕೊಳವೆಗಳನ್ನೆಲ್ಲ ಬದಲಾಯಿಸಿದ ಮೇಲೆ, 2019ರ ಮೇ ತಿಂಗಳಲ್ಲಿ ಘಟಕವು ಪುನಃ ಚಾಲನೆಗೊಂಡಿತು.

ಲೆಕ್ಕ ಬರೆದವನೇ ಲೆಕ್ಕ ತನಿಖೆ ಮಾಡಬಾರದೆಂಬುದನ್ನು ನಮ್ಮ ಗುಮಾಸ್ತ ಬಂಧುಗಳು ಬಲ್ಲರು. ಈ ಮಂಡಳಿಗೆ ಸಾಕಷ್ಟು ಸ್ವಾತಂತ್ರ್ಯವಿಲ್ಲವೆಂದು ಮಹಾಲೇಖಪಾಲರ ವರದಿಯು 2012ರಲ್ಲಿಯೇ ಎಚ್ಚರಿಸಿತ್ತು. ಕಾವಲುಗಾರನು ಮನೆಯ ಯಜಮಾನನಿಗೆ ಅಂಜಿದರೆ, ನೆರೆಯವರಿಗೆ ನಿದ್ರೆ ಎಲ್ಲಿಯದು?