ಕೊತ್ತಲಗಳ ಆಟ ದೇಹದೊಳಗೆ ಬಂದ ಬಗೆ

ವಿಡಿಯೋ ಗೇಮ್‌ಗಳಲ್ಲಿ ‘ಟವರ್ ಡಿಫೆನ್ಸ್’ ಎಂದು ಹೆಸರಾದ ಪ್ರಕಾರದಲ್ಲಿ ಆಟಗಾರರು ತಾವೇ ಕಣಕ್ಕಿಳಿದು ಕಾದುವುದಿಲ್ಲ. ಶತ್ರುಗಳು ಸಾಲುಗಟ್ಟಿ ಬರುವ ದಾರಿಯ ಅಕ್ಕಪಕ್ಕದಲ್ಲಿ ಕೊತ್ತಲಗಳನ್ನು ಕಟ್ಟಿ, ಅವು ತಮ್ಮಷ್ಟಕ್ಕೆ ಹೋರಾಡುತ್ತಿರುವಾಗ, ಕೈಯಲ್ಲಿ ಉಳಿದಿರುವ ಅಲ್ಪಸ್ವಲ್ಪ ಸಂಪನ್ಮೂಲವನ್ನು ಮುಂದಿನ ದಾಳಿಗೆ ಎಲ್ಲಿ, ಹೇಗೆ ಖರ್ಚು ಮಾಡಬೇಕೆಂದು ಲೆಕ್ಕ ಹಾಕುತ್ತಾರೆ. ಈ ಚೌಕಟ್ಟನ್ನು ಮನುಷ್ಯನ ದೇಹದೊಳಗೆ ಇರಿಸಿ, ದಾರಿಯ ಜಾಗದಲ್ಲಿ ರಕ್ತನಾಳವನ್ನೂ ಶತ್ರುವಿನ ಜಾಗದಲ್ಲಿ ರೋಗಾಣುವನ್ನೂ ಕೊತ್ತಲದ ಜಾಗದಲ್ಲಿ ಬಿಳಿ ರಕ್ತಕಣವನ್ನೂ ತಂದಾಗ ಒಂದು ಹೊಸ ಬಗೆಯ ಆಟ ಹುಟ್ಟುತ್ತದೆ. ಸುಮಾರು 140 ವರ್ಷಗಳ ರೋಗನಿರೋಧ ವಿಜ್ಞಾನ ಮತ್ತು ಮೂರೂವರೆ ದಶಕಗಳ ಕೊತ್ತಲ ಕಟ್ಟುವ ಆಟಗಳು ಕೂಡಿಕೊಂಡ ಈ ಜಾಗದಲ್ಲಿ, ದೇಹವು ತನ್ನನ್ನು ತಾನು ಕಾಪಾಡಿಕೊಳ್ಳುವ ರೀತಿಯನ್ನು ಸಾಮಾನ್ಯ ಓದುಗರಿಗೂ ಮಕ್ಕಳಿಗೂ ಮನಗಾಣಿಸುವ ಅಪರೂಪದ ಸಾಧ್ಯತೆಯೊಂದು ಇದೆ. ಆದರೆ ಆ ಸಾಧ್ಯತೆ ಕೈಗೂಡಬೇಕಾದರೆ ಆಟವು ಕೊಲ್ಲುವುದನ್ನಷ್ಟೇ ಅಲ್ಲದೆ ತಡೆದುಕೊಳ್ಳುವುದನ್ನೂ ಕಲಿಸಬೇಕಾಗುತ್ತದೆ.

ಗುಲಾಬಿ ಮುಳ್ಳಿನಿಂದ ಆರಂಭ

ದೇಹದೊಳಗೆ ಕಾವಲು ಪಡೆಯೊಂದಿದೆ ಎಂಬ ಕಲ್ಪನೆಗೆ ಪ್ರಯೋಗದ ಆಧಾರ ದೊರೆತದ್ದು 1882ರಲ್ಲಿ, ಇಟಲಿಯ ಸಿಸಿಲಿ ದ್ವೀಪದ ಮೆಸ್ಸೀನಾ ಪಟ್ಟಣದಲ್ಲಿ. ರಷ್ಯಾ ಸಾಮ್ರಾಜ್ಯದಿಂದ ಅಲ್ಲಿಗೆ ಬಂದಿದ್ದ ಪ್ರಾಣಿಶಾಸ್ತ್ರಜ್ಞ ಎಲೀ ಮೆಚ್ನಿಕಾಫ್ ಅವರು ನಕ್ಷತ್ರಮೀನಿನ ಪಾರದರ್ಶಕ ಮರಿಗಳ ದೇಹಕ್ಕೆ ಗುಲಾಬಿ ಮುಳ್ಳನ್ನು ಚುಚ್ಚಿಟ್ಟು, ಮರುದಿನ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಅಲೆದಾಡುವ ಜೀವಕೋಶಗಳು ಆ ಮುಳ್ಳಿನ ಸುತ್ತ ಮುತ್ತಿಕೊಂಡಿದ್ದವು. ಹೊರಗಿನಿಂದ ಬಂದುದನ್ನು ಸುತ್ತುವರಿದು ನುಂಗುವ ಇಂಥ ಕೋಶಗಳಿಗೆ ‘ಫ್ಯಾಗೊಸೈಟ್’, ಅಂದರೆ ಭಕ್ಷಕ ಕೋಶ, ಎಂಬ ಹೆಸರು ಬಂತು. ಇನ್ನೊಂದು ಕಡೆ, 1890ರಲ್ಲಿ ಬರ್ಲಿನ್ನಿನಲ್ಲಿ ಎಮಿಲ್ ಫಾನ್ ಬೇರಿಂಗ್ ಮತ್ತು ಜಪಾನಿನ ಕಿತಾಸಾತೊ ಶಿಬಾಸಾಬುರೊ ಅವರು ಧನುರ್ವಾಯು ಮತ್ತು ಗಂಟಲಮಾರಿಯ ವಿಷವನ್ನು ನಿಷ್ಫಲಗೊಳಿಸುವ ಅಂಶಗಳು ರಕ್ತದ ದ್ರವಭಾಗದಲ್ಲಿಯೇ ಇವೆಯೆಂದು ತೋರಿಸಿದರು. ಇವೇ ಮುಂದೆ ಪ್ರತಿಕಾಯಗಳೆಂದು ಪ್ರಸಿದ್ಧವಾದ ಪ್ರೋಟೀನುಗಳು. ದೇಹವನ್ನು ಕಾಯುವುದು ಕೋಶವೋ ದ್ರವವೋ ಎಂದು ಎರಡು ಪಂಗಡಗಳ ನಡುವೆ ವರ್ಷಗಟ್ಟಲೆ ನಡೆದ ವಾದಕ್ಕೆ, 1908ರ ನೊಬೆಲ್ ಪ್ರಶಸ್ತಿಯನ್ನು ಮೆಚ್ನಿಕಾಫ್ ಅವರಿಗೂ ಪ್ರತಿಕಾಯಗಳ ಸಿದ್ಧಾಂತವನ್ನು ರೂಪಿಸಿದ ಪೌಲ್ ಎರ್ಲಿಖ್ ಅವರಿಗೂ ಹಂಚಿಕೊಟ್ಟ ತೀರ್ಮಾನವೇ ಉತ್ತರವಾಯಿತು: ಎರಡೂ ನಿಜ, ಎರಡೂ ಬೇಕು.

ದೇಹಕ್ಕೆ ಎಂದೂ ಪರಿಚಯವಿಲ್ಲದ ರೋಗಾಣುವನ್ನು ಅದು ಗುರುತಿಸುವುದು ಹೇಗೆಂಬ ಪ್ರಶ್ನೆ ಮಾತ್ರ ಇನ್ನೂ ಅರ್ಧ ಶತಮಾನ ಉಳಿದುಕೊಂಡಿತು. 1957ರಲ್ಲಿ ಆಸ್ಟ್ರೇಲಿಯಾದ ಫ್ರಾಂಕ್ ಮ್ಯಾಕ್‌ಫಾರ್ಲೇನ್ ಬರ್ನೆಟ್ ಅವರು ಮುಂದಿಟ್ಟ ವಿವರಣೆಯ ಪ್ರಕಾರ, ದೇಹವು ಶತ್ರುವನ್ನು ನೋಡಿ ಆಯುಧ ತಯಾರಿಸುವುದಿಲ್ಲ. ಲೆಕ್ಕವಿಲ್ಲದಷ್ಟು ಬಗೆಯ ಗ್ರಾಹಿಗಳನ್ನು ಹೊತ್ತ ಕೋಶಗಳನ್ನು ಮೊದಲೇ ಸಿದ್ಧವಾಗಿಟ್ಟುಕೊಂಡು, ಯಾವ ಕೋಶದ ಗ್ರಾಹಿಗೆ ರೋಗಾಣು ಹೊಂದಿಕೊಳ್ಳುತ್ತದೆಯೋ ಅದನ್ನು ಮಾತ್ರ ಸಾವಿರಾರು ಪಟ್ಟು ವೃದ್ಧಿಸುತ್ತದೆ. ಅಷ್ಟೊಂದು ವೈವಿಧ್ಯವನ್ನು ಕೆಲವೇ ವಂಶವಾಹಿ ತುಣುಕುಗಳನ್ನು ಬೇರೆ ಬೇರೆ ರೀತಿಯಲ್ಲಿ ಜೋಡಿಸಿ ಪಡೆಯಲಾಗುತ್ತದೆಂದು 1976ರಲ್ಲಿ ಸುಸುಮು ತೊನೆಗಾವಾ ತೋರಿಸಿಕೊಟ್ಟರು.

ಕೊತ್ತಲದ ಆಟ ರೂಪುಗೊಂಡದ್ದು

ಆಟಗಳ ಕಡೆಯ ಕಥೆ 1990ರಲ್ಲಿ ಅಟಾರಿ ಗೇಮ್ಸ್ ಸಂಸ್ಥೆ ಹೊರತಂದ ‘ರ‍್ಯಾಂಪಾರ್ಟ್’ ಎಂಬ ಆರ್ಕೇಡ್ ಆಟದಿಂದ ಶುರುವಾಗುತ್ತದೆಂದು ಹೇಳುವುದು ವಾಡಿಕೆ. ಕೋಟೆಯ ಸುತ್ತ ಗೋಡೆ ಕಟ್ಟಿ, ಫಿರಂಗಿಗಳನ್ನು ಇರಿಸಿ, ದಾಳಿ ಮುಗಿದ ಮೇಲೆ ಬಿದ್ದ ಗೋಡೆಯನ್ನು ನಿಗದಿತ ಸಮಯದೊಳಗೆ ಮತ್ತೆ ಸರಿಪಡಿಸುವುದು ಅದರ ಕ್ರಮ. ಮುಂದೆ 2002ರ ‘ವಾರ್‌ಕ್ರಾಫ್ಟ್ 3’ ಆಟದ ಜೊತೆಗೆ ಬಂದ ನಕ್ಷೆ ರಚಿಸುವ ಸಾಧನವನ್ನು ಬಳಸಿಕೊಂಡು ಆಟಗಾರರೇ ಕೊತ್ತಲಗಳ ನಕ್ಷೆಗಳನ್ನು ತಯಾರಿಸಿ ಹಂಚಿಕೊಂಡರು. ಹೀಗೆ ಈ ಪ್ರಕಾರ ಬೆಳೆದದ್ದು ಬಹುಮಟ್ಟಿಗೆ ಹವ್ಯಾಸಿಗಳ ಕೈಯಲ್ಲಿ. 2007ರ ಜನವರಿಯಲ್ಲಿ ಡೇವಿಡ್ ಸ್ಕಾಟ್ ಅವರ ‘ಫ್ಲ್ಯಾಶ್ ಎಲಿಮೆಂಟ್ ಟಿಡಿ’, ಮಾರ್ಚ್‌ನಲ್ಲಿ ಪಾಲ್ ಪ್ರೀಸ್ ಅವರ ‘ಡೆಸ್ಕ್‌ಟಾಪ್ ಟವರ್ ಡಿಫೆನ್ಸ್’ ಬಂದ ಮೇಲೆ, ಬ್ರೌಸರ್ ಇರುವ ಯಾವ ಕಂಪ್ಯೂಟರಿನಲ್ಲಾದರೂ ಇಂಥ ಆಟವನ್ನು ಆಡುವುದು ಸಾಧ್ಯವಾಯಿತು. 2009ರಲ್ಲಿ ಪಾಪ್‌ಕ್ಯಾಪ್ ಸಂಸ್ಥೆಯ ಜಾರ್ಜ್ ಫ್ಯಾನ್ ವಿನ್ಯಾಸಗೊಳಿಸಿದ ‘ಪ್ಲ್ಯಾಂಟ್ಸ್ ವರ್ಸಸ್ ಜೋಂಬೀಸ್’ ಕಲ್ಲಿನ ಕೊತ್ತಲದ ಜಾಗದಲ್ಲಿ ಗಿಡಗಳನ್ನೂ ಹಣದ ಜಾಗದಲ್ಲಿ ಬಿಸಿಲನ್ನೂ ತಂದಿಟ್ಟು, ಈ ಆಟಕ್ಕೆ ಕೋಟೆಯೇ ಬೇಕೆಂದಿಲ್ಲ, ಜೀವವಿರುವ ವಸ್ತುಗಳೂ ಕಾವಲಿಗೆ ನಿಲ್ಲಬಹುದು ಎಂಬುದನ್ನು ಮನದಟ್ಟು ಮಾಡಿತು.

ಈ ಎಲ್ಲ ಆಟಗಳ ಹಿಂದಿರುವ ಯುದ್ಧನೀತಿ ಬಹಳ ಹಳೆಯದು. ಚಿತ್ರದುರ್ಗದ ಏಳು ಸುತ್ತಿನ ಕೋಟೆಯಲ್ಲಿ ಬಾಗಿಲಿನಿಂದ ಬಾಗಿಲಿಗೆ ಹೋಗುವ ದಾರಿ ನೇರವಾಗಿರದೆ ಸುತ್ತಿ ಬಳಸಿ ಸಾಗುವುದು ಶತ್ರುವನ್ನು ಹೆಚ್ಚು ಹೊತ್ತು ಕಾವಲಿನವರ ಕಣ್ಣಳತೆಯಲ್ಲಿ ಇಡುವುದಕ್ಕಾಗಿ. ‘ಡೆಸ್ಕ್‌ಟಾಪ್ ಟವರ್ ಡಿಫೆನ್ಸ್’ ಆಡುವವರು ಬಯಲಿನಲ್ಲಿ ಕೊತ್ತಲಗಳನ್ನೇ ಸಾಲಾಗಿ ಜೋಡಿಸಿ ಅಂಥದೇ ಬಳಸು ದಾರಿಯನ್ನು ನಿರ್ಮಿಸುತ್ತಾರೆ.

ಒಳಹೊಕ್ಕ ಪರಕೀಯ

ದೇಹವನ್ನು ಸಾಹಸದ ತಾಣವಾಗಿ ತೋರಿಸಿದ ಕೃತಿಗಳು ಕೊತ್ತಲದ ಆಟಗಳ ಹೊರಗೂ ಬಂದಿದ್ದವು. 1966ರ ‘ಫೆಂಟಾಸ್ಟಿಕ್ ವಾಯೇಜ್’ ಚಲನಚಿತ್ರದಲ್ಲಿ ವೈದ್ಯರನ್ನೊಳಗೊಂಡ ತಂಡವೊಂದು ಜಲಾಂತರ್ಗಾಮಿಯ ಸಮೇತ ಅತಿ ಚಿಕ್ಕದಾಗಿ ಕುಗ್ಗಿ, ರೋಗಿಯೊಬ್ಬನ ರಕ್ತನಾಳವನ್ನು ಹೊಕ್ಕು ಮೆದುಳಿನತ್ತ ಸಾಗುತ್ತದೆ. 1982ರಲ್ಲಿ ಇಮ್ಯಾಜಿಕ್ ಸಂಸ್ಥೆ ಹೊರತಂದ ‘ಮೈಕ್ರೋಸರ್ಜನ್’ ಆಟದಲ್ಲಿ ಆಟಗಾರರು ಯಂತ್ರಮಾನವ ಶೋಧಕವೊಂದನ್ನು ರೋಗಿಯ ದೇಹದಲ್ಲಿ ನಡೆಸುತ್ತ, ಗೆಡ್ಡೆಗಳನ್ನೂ ಕಲ್ಲುಗಳನ್ನೂ ಕರಗಿಸುತ್ತ ಹೋಗಬೇಕಿತ್ತು. 2006ರಲ್ಲಿ ಅಮೆರಿಕದ ಹೋಪ್‌ಲ್ಯಾಬ್ ಎಂಬ ಲಾಭರಹಿತ ಸಂಸ್ಥೆ ಕ್ಯಾನ್ಸರ್ ಪೀಡಿತ ಹದಿಹರೆಯದವರಿಗಾಗಿಯೇ ರೂಪಿಸಿದ ‘ರಿ-ಮಿಷನ್’ ಆಟದಲ್ಲಿ ರಾಕ್ಸಿ ಎಂಬ ಪುಟ್ಟ ಯಂತ್ರಜೀವಿ ಕ್ಯಾನ್ಸರ್ ಕೋಶಗಳ ಮೇಲೆ ಗುಂಡು ಹಾರಿಸುತ್ತಾಳೆ.

‘ರಿ-ಮಿಷನ್’ ಈ ಇತಿಹಾಸದಲ್ಲಿ ವಿಶೇಷ ಸ್ಥಾನ ಪಡೆಯುವುದಕ್ಕೆ ಕಾರಣ, ಅದರ ಪರಿಣಾಮವನ್ನು ಔಷಧವೊಂದನ್ನು ಪರೀಕ್ಷಿಸುವಷ್ಟೇ ಕಟ್ಟುನಿಟ್ಟಾಗಿ ಪರೀಕ್ಷಿಸಲಾಯಿತು ಎಂಬುದು. ಅಮೆರಿಕ, ಕೆನಡಾ ಮತ್ತು ಆಸ್ಟ್ರೇಲಿಯಾಗಳ 34 ವೈದ್ಯಕೀಯ ಕೇಂದ್ರಗಳಲ್ಲಿ 13ರಿಂದ 29 ವರ್ಷದೊಳಗಿನ 375 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಸಾಮಾನ್ಯ ಸಾಹಸದ ಆಟವೊಂದನ್ನು, ಇನ್ನೊಂದಕ್ಕೆ ಅದರ ಜೊತೆಗೆ ‘ರಿ-ಮಿಷನ್’ ಆಟವನ್ನೂ ಕೊಡಲಾಯಿತು. 2008ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಸೋಂಕು ತಡೆಯುವ ಪ್ರತಿಜೈವಿಕ ಮಾತ್ರೆಗಳನ್ನು ಸರಿಯಾಗಿ ತೆಗೆದುಕೊಂಡ ಪ್ರಮಾಣ ಮೊದಲ ಗುಂಪಿನಲ್ಲಿ ಶೇ 52.5ರಷ್ಟಿದ್ದರೆ ಎರಡನೆಯದರಲ್ಲಿ ಶೇ 62.3ರಷ್ಟಿತ್ತು. ರೋಗದ ತಿಳಿವಳಿಕೆಯೂ ಹೆಚ್ಚಿತ್ತು. ಆದರೆ ಮಾನಸಿಕ ಒತ್ತಡದಲ್ಲಾಗಲಿ ಜೀವನದ ಗುಣಮಟ್ಟದಲ್ಲಾಗಲಿ ಹೇಳುವಂಥ ವ್ಯತ್ಯಾಸ ಕಂಡುಬರಲಿಲ್ಲ. ಆಟವೊಂದು ರೋಗವನ್ನು ಗುಣಪಡಿಸದಿದ್ದರೂ, ದೇಹದೊಳಗೆ ಏನು ನಡೆಯುತ್ತಿದೆಯೆಂಬುದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿದಾಗ ರೋಗಿಯ ನಡವಳಿಕೆ ಬದಲಾಗಬಲ್ಲದು ಎಂಬುದಕ್ಕೆ ಇದು ಗಟ್ಟಿ ಸಾಕ್ಷಿ.

ಹೀಗಿದ್ದರೂ ಈ ಕೃತಿಗಳಲ್ಲೆಲ್ಲ ನಾಯಕನ ಸ್ಥಾನದಲ್ಲಿರುವುದು ಹೊರಗಿನಿಂದ ಬಂದ ಜಲಾಂತರ್ಗಾಮಿ ಅಥವಾ ಯಂತ್ರ; ದೇಹವು ಆ ಪರಕೀಯನ ಪರಾಕ್ರಮಕ್ಕೆ ಹಿನ್ನೆಲೆ ಮಾತ್ರ. 2008ರಲ್ಲಿ ಅಮೆರಿಕದ ವಿಜ್ಞಾನಿಗಳ ಒಕ್ಕೂಟವೊಂದು ಶಾಲಾ ಮಕ್ಕಳಿಗಾಗಿ ತಂದ ‘ಇಮ್ಯೂನ್ ಅಟ್ಯಾಕ್’ ಆಟದಲ್ಲೂ ಯಂತ್ರವೇ ಇದ್ದರೂ, ಅದರ ಕೆಲಸ ಕೊಲ್ಲುವುದಕ್ಕಿಂತ ಹೆಚ್ಚಾಗಿ ದೇಹದ ಕೋಶಗಳನ್ನು ಅವುಗಳ ಕೆಲಸಕ್ಕೆ ಹಚ್ಚುವುದಾಗಿತ್ತು. 2010ರ ‘ಸೆಲ್‌ಕ್ರಾಫ್ಟ್’ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಜೀವಕೋಶವೊಂದನ್ನೇ ಆಟಗಾರರ ಕೈಗೆ ಕೊಟ್ಟು, ಕೋಶದ ಇಂಧನವಾದ ಎಟಿಪಿ ಅಣುವನ್ನು ನಾಣ್ಯವಾಗಿಸಿ, ವೈರಸ್‌ಗಳ ದಾಳಿಯನ್ನು ಅದೇ ಕೋಶದ ಕಿಣ್ವಗಳಿಂದ ಎದುರಿಸುವಂತೆ ಮಾಡಿತು. ಟವರ್ ಡಿಫೆನ್ಸ್ ಚೌಕಟ್ಟು ದೇಹಕ್ಕೆ ಒಗ್ಗುವುದು ಇಲ್ಲಿಯೇ: ಅದರಲ್ಲಿ ಪರಕೀಯ ನಾಯಕನಿಗೆ ಜಾಗವಿಲ್ಲ, ಕಾಯುವುದು ದೇಹವೇ.

ಬೆರಳಿನ ಗಾಯವೊಂದರಲ್ಲಿ

ಈ ಒಗ್ಗುವಿಕೆ ಎಷ್ಟು ಆಳವಾದದ್ದೆಂಬುದನ್ನು ಬೆರಳಿಗೆ ಆದ ಸಣ್ಣ ಗಾಯವೊಂದರಲ್ಲಿ ನೋಡಬಹುದು. ಚರ್ಮವೆಂಬ ಮೊದಲ ಗೋಡೆ ಒಡೆದು ಬ್ಯಾಕ್ಟೀರಿಯಾಗಳು ಒಳನುಗ್ಗಿದ ಕೂಡಲೇ, ಅಂಗಾಂಶದಲ್ಲಿ ಮೊದಲೇ ಬೀಡುಬಿಟ್ಟಿರುವ ಮ್ಯಾಕ್ರೋಫೇಜ್ ಎಂಬ ದೊಡ್ಡ ಭಕ್ಷಕ ಕೋಶಗಳು ಅವುಗಳನ್ನು ನುಂಗತೊಡಗುತ್ತವೆ. ಪಕ್ಕದಲ್ಲೇ ಇರುವ ಮಾಸ್ಟ್ ಕೋಶಗಳು ಹಿಸ್ಟಮಿನ್ ಎಂಬ ರಾಸಾಯನಿಕವನ್ನು ಚೆಲ್ಲಿ, ಸುತ್ತಲಿನ ರಕ್ತನಾಳಗಳನ್ನು ಹಿಗ್ಗಿಸುತ್ತವೆ. ಗಾಯದ ಸುತ್ತ ಕಾಣುವ ಕೆಂಪು, ಬಿಸಿ ಮತ್ತು ಊತಕ್ಕೆ ಇದೇ ಮುಖ್ಯ ಕಾರಣ. ಆಗ ನಾಳದ ಒಳಗೋಡೆಯ ಮೇಲೆ ಸೆಲೆಕ್ಟಿನ್ ಎಂಬ ಅಂಟು ಪ್ರೋಟೀನುಗಳು ಮೇಲೇಳುತ್ತವೆ. ರಕ್ತದ ಹರಿವಿನಲ್ಲಿ ಸಾಗುತ್ತಿದ್ದ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಅವುಗಳಿಗೆ ತಗುಲಿ, ಉರುಳುತ್ತ ನಿಧಾನವಾಗಿ, ಕೊನೆಗೆ ಗಟ್ಟಿಯಾಗಿ ಹಿಡಿದು ನಿಂತು, ಗೋಡೆಯ ಸಂದಿನಲ್ಲಿ ನುಸುಳಿ ಗಾಯದ ಜಾಗವನ್ನು ಸೇರುತ್ತವೆ. ತಾನು ಹೊಡೆಯದೆ ಇತರರನ್ನು ಕರೆಸುವ ಕೊತ್ತಲ, ದಾರಿಯಲ್ಲಿ ಹೋಗುವವರ ವೇಗ ತಗ್ಗಿಸುವ ಕೊತ್ತಲ, ಹತ್ತಿರ ಬಂದದ್ದನ್ನು ಮಾತ್ರ ಮುಗಿಸುವ ಕೊತ್ತಲ ಎಂದು ಆಟ ರಚಿಸುವವರು ಮಾಡುವ ವಿಂಗಡಣೆಗೆ ಇಲ್ಲಿ ಒಂದೊಂದಾಗಿ ಜೋಡಿ ಸಿಗುತ್ತದೆ.

ಸಂಪನ್ಮೂಲದ ಲೆಕ್ಕವೂ ಕೃತಕವಲ್ಲ. ಆರೋಗ್ಯವಂತ ವಯಸ್ಕರ ಅಸ್ಥಿಮಜ್ಜೆ ದಿನವೊಂದಕ್ಕೆ ಸುಮಾರು 10 ಸಾವಿರ ಕೋಟಿ ನ್ಯೂಟ್ರೋಫಿಲ್‌ಗಳನ್ನು ತಯಾರಿಸುತ್ತದೆ, ಮತ್ತು ಅವುಗಳ ಆಯುಸ್ಸು ಬಹಳ ಕಡಿಮೆ. ಜ್ವರ ಬಂದಾಗ ದೇಹದ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಶಕ್ತಿಯ ಖರ್ಚು ಶೇ 10ಕ್ಕೂ ಮಿಕ್ಕಿ ಹೆಚ್ಚುತ್ತದೆ. ಆದ್ದರಿಂದ ಅರೆಹೊಟ್ಟೆಯ ಮಗುವಿಗೆ ಸಾಮಾನ್ಯ ಸೋಂಕೂ ಮಾರಕವಾಗುವುದೇಕೆ ಎಂಬುದನ್ನು, ನಾಣ್ಯ ಮುಗಿದು ಕೊತ್ತಲ ಕಟ್ಟಲಾಗದೆ ಸೋತ ಆಟಗಾರರು ಪಾಠಪುಸ್ತಕವನ್ನು ಓದಿದವರಿಗಿಂತ ಬೇಗ ಗ್ರಹಿಸಬಲ್ಲರು.

ಚೌಕಟ್ಟು ಎಲ್ಲಿ ಸಾಲದು

ಆದರೆ ದೇಹವು ಈ ಚೌಕಟ್ಟನ್ನು ಮೂರು ಕಡೆಗಳಲ್ಲಿ ಮೀರಿ ನಿಲ್ಲುತ್ತದೆ, ಒಳ್ಳೆಯ ವಿನ್ಯಾಸಕಾರರ ಸತ್ವಪರೀಕ್ಷೆ ನಡೆಯುವುದೂ ಅಲ್ಲಿಯೇ. ಮೊದಲನೆಯದು ನೆನಪು. ಉತ್ತರ ಅಟ್ಲಾಂಟಿಕ್‌ನ ಫೇರೋ ದ್ವೀಪಗಳಲ್ಲಿ 1781ರಲ್ಲಿ ದಡಾರ ಹರಡಿ, ಆಮೇಲೆ 65 ವರ್ಷ ಅದರ ಸುಳಿವೇ ಇರಲಿಲ್ಲ. 1846ರಲ್ಲಿ ಅದು ಮರಳಿ ಬಂದಾಗ ಸುಮಾರು 7,800 ನಿವಾಸಿಗಳಲ್ಲಿ 6,000ಕ್ಕೂ ಹೆಚ್ಚು ಜನ ಹಾಸಿಗೆ ಹಿಡಿದರೂ, ಬಾಲ್ಯದಲ್ಲಿ ದಡಾರವನ್ನು ಕಂಡಿದ್ದ ವೃದ್ಧರಿಗೆ ಅದು ತಗುಲಲಿಲ್ಲವೆಂದು ಡೆನ್ಮಾರ್ಕಿನ ತರುಣ ವೈದ್ಯ ಪೀಟರ್ ಪಾನುಮ್ ದಾಖಲಿಸಿದರು. ಸಾಮಾನ್ಯ ಆಟದಲ್ಲಿ ಪ್ರತಿ ಹಂತವೂ ಹೊಸದಾಗಿ ಆರಂಭವಾಗುತ್ತದೆ; ದೇಹದ ಆಟದಲ್ಲಿ ಒಮ್ಮೆ ಎದುರಿಸಿದ ಶತ್ರುವಿನ ಗುರುತು ಮುಂದಿನ ಹಂತಗಳಿಗೂ ಉಳಿದು, ಲಸಿಕೆಯೆಂದರೆ ದುರ್ಬಲಗೊಳಿಸಿದ ಅಲೆಯೊಂದನ್ನು ಬೇಕೆಂದೇ ಬರಮಾಡಿಕೊಳ್ಳುವುದೆಂಬ ಅರಿವು ಮೂಡಬೇಕು.

ಎರಡನೆಯದು, ಕೊತ್ತಲವೇ ಶತ್ರುವಿನ ಮನೆಯಾಗಬಹುದು ಎಂಬುದು. ಕ್ಷಯದ ಬ್ಯಾಕ್ಟೀರಿಯಾ ತನ್ನನ್ನು ನುಂಗಿದ ಮ್ಯಾಕ್ರೋಫೇಜ್‌ನ ಒಳಗೇ ಬದುಕಿ ವೃದ್ಧಿಯಾಗುತ್ತದೆ. ಎಚ್‌ಐವಿ ವೈರಸ್ ಇಡೀ ರಕ್ಷಣೆಯನ್ನು ಸಂಯೋಜಿಸುವ ಸಹಾಯಕ ಟಿ ಕೋಶಗಳನ್ನೇ ಹೊಕ್ಕು ಕೆಡಹುತ್ತದೆ. ಕಾವಲಿನವರ ಸಂಖ್ಯೆ ಹೆಚ್ಚಿಸಿದರೆ ಗೆಲುವು ಖಚಿತ ಎಂಬ ಆಟಗಾರರ ರೂಢಿಯ ಎಣಿಕೆ ಇಲ್ಲಿ ನಡೆಯುವುದಿಲ್ಲ.

ಮೂರನೆಯದೂ ಎಲ್ಲಕ್ಕಿಂತ ಮುಖ್ಯವಾದುದೂ ಸಂಯಮ. ಟವರ್ ಡಿಫೆನ್ಸ್‌ನ ಬಹುಪಾಲು ಆಟಗಳಲ್ಲಿ ಕೊತ್ತಲದ ಗುಂಡು ಸ್ವಂತ ನೆಲಕ್ಕೆ ಹಾನಿ ಮಾಡುವುದಿಲ್ಲ, ದೇಹದಲ್ಲಿ ಮಾಡುತ್ತದೆ. ರಕ್ಷಣಾ ಕೋಶಗಳು ಮೇದೋಜೀರಕದ ಇನ್ಸುಲಿನ್ ತಯಾರಿಸುವ ಕೋಶಗಳನ್ನು ನಾಶ ಮಾಡಿದರೆ ಒಂದನೆಯ ಬಗೆಯ ಮಧುಮೇಹ, ಕೀಲುಗಳ ಒಳಪೊರೆಯ ಮೇಲೆ ಎರಗಿದರೆ ಸಂಧಿವಾತ. ಹೀಗಾಗದಂತೆ ರಕ್ಷಣಾ ಕೋಶಗಳನ್ನು ಹತೋಟಿಯಲ್ಲಿಡುವ ನಿಯಂತ್ರಕ ಟಿ ಕೋಶಗಳನ್ನು ಜಪಾನಿನ ಶಿಮೊನ್ ಸಕಾಗುಚಿ 1995ರಲ್ಲಿ ಗುರುತಿಸಿದರು. 2001ರಲ್ಲಿ ಮೇರಿ ಬ್ರಂಕೋ ಮತ್ತು ಫ್ರೆಡ್ ರ‍್ಯಾಮ್ಸ್‌ಡೆಲ್ ಪತ್ತೆ ಮಾಡಿದ ವಂಶವಾಹಿಯು ಆ ಕೋಶಗಳ ಬೆಳವಣಿಗೆಗೆ ಅಗತ್ಯವೆಂಬುದು ಆಮೇಲೆ ಸ್ಪಷ್ಟವಾಯಿತು. ಈ ಮೂವರಿಗೂ 2025ರ ನೊಬೆಲ್ ಪ್ರಶಸ್ತಿ ಸಂದಿತು. ಸಂಯಮದ ಪ್ರಾಯೋಗಿಕ ಮಹತ್ವವನ್ನು ಕೋವಿಡ್ ಕಾಲದಲ್ಲಿ ಜಗತ್ತು ಕಂಡಿದೆ. 2020ರ ಜೂನ್‌ನಲ್ಲಿ ಬ್ರಿಟನ್ನಿನ ‘ರಿಕವರಿ’ ಪ್ರಯೋಗವು ಡೆಕ್ಸಾಮೆಥಸೋನ್ ಎಂಬ ಅಗ್ಗದ ಔಷಧವು ವೆಂಟಿಲೇಟರ್‌ನಲ್ಲಿದ್ದ ರೋಗಿಗಳ ಸಾವನ್ನು ಸುಮಾರು ಮೂರನೇ ಒಂದರಷ್ಟು ತಗ್ಗಿಸುತ್ತದೆಂದು ತೋರಿಸಿತು. ಆ ಔಷಧ ಕೊಲ್ಲುವುದು ವೈರಸ್ಸನ್ನಲ್ಲ, ಅದು ಮಣಿಸುವುದು ಮಿತಿಮೀರಿದ ಉರಿಯೂತವನ್ನು. ಆಮ್ಲಜನಕದ ನೆರವೇ ಬೇಕಿರದ ರೋಗಿಗಳಿಗೆ ಮಾತ್ರ ಅದರಿಂದ ಪ್ರಯೋಜನ ಕಾಣಲಿಲ್ಲ. ಯಾವಾಗ ತಡೆಯಬೇಕು, ಯಾವಾಗ ತಡೆಯಬಾರದು ಎಂಬ ವಿವೇಚನೆಯೇ ಅಲ್ಲಿ ಚಿಕಿತ್ಸೆಯಾಗಿತ್ತು.

ಆದುದರಿಂದ ದೇಹದೊಳಗಿನ ಟವರ್ ಡಿಫೆನ್ಸ್ ಆಟವು ತನ್ನ ವಸ್ತುವಿಗೆ ನ್ಯಾಯ ಸಲ್ಲಿಸಬೇಕಾದರೆ, ಹಂತದ ಕೊನೆಯಲ್ಲಿ ಎಣಿಸಬೇಕಾದದ್ದು ಸತ್ತ ರೋಗಾಣುಗಳನ್ನಲ್ಲ, ಹಾನಿಯಾಗದೆ ಉಳಿದ ಅಂಗಾಂಶವನ್ನು. ಪ್ರತಿ ಕೊತ್ತಲದ ಹೊಡೆತಕ್ಕೂ ದೇಹ ತೆರುವ ಬೆಲೆಯನ್ನು ಪರದೆಯ ಮೇಲೆ ತೋರಿಸಿ, ಹೊಡೆಯುವ ಕೊತ್ತಲದಷ್ಟೇ ತಡೆಯುವ ಕೊತ್ತಲವನ್ನೂ ಅನಿವಾರ್ಯವಾಗಿಸಿದ ಆಟವು, ಮಾತ್ರೆಯನ್ನು ಅರ್ಧಕ್ಕೆ ನಿಲ್ಲಿಸಬಾರದೇಕೆ, ಲಸಿಕೆಯ ಮರುದಿನ ಮೈ ಬಿಸಿಯಾಗುವುದೇಕೆ, ‘ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆ’ ಎನ್ನುವ ಜಾಹೀರಾತನ್ನು ಪ್ರಶ್ನಿಸದೆ ನಂಬಬಾರದೇಕೆ ಎಂಬುದನ್ನು ಒಂದೇ ಬಾರಿಗೆ ತಿಳಿಸಿಕೊಡಬಲ್ಲದು. ಮೆಚ್ನಿಕಾಫ್ ಅವರಿಂದ ಸಕಾಗುಚಿ ಅವರವರೆಗೆ ವಿಜ್ಞಾನವು ನುಂಗುವುದು, ಗುರುತಿಸುವುದು ಮತ್ತು ತಡೆಯುವುದು ಎಂಬ ಮೂರು ಪಾಠಗಳನ್ನು ಕಲಿತಿದೆ. ಆಟಗಳು ಮೊದಲನೆಯದನ್ನು ಚೆನ್ನಾಗಿಯೂ ಎರಡನೆಯದನ್ನು ತಕ್ಕಮಟ್ಟಿಗೂ ಕಲಿಸಿವೆ, ಮೂರನೆಯದನ್ನು ಕಲಿಸುವ ಹೊಣೆ ಇನ್ನು ಮುಂದಿನ ವಿನ್ಯಾಸಕಾರರದು.