ನಿಮಗಿದು ಗೊತ್ತೇ? ನಿಂತ ಗಾಡಿಗೆ ಗುದ್ದಿದರೆ ದುಡ್ಡು ಯಾರು ಕೊಡಬೇಕು!

ಸಿಂಧನೂರಿನ ಬಸ್ ನಿಲ್ದಾಣದ ಹತ್ತಿರ ನಿಮ್ಮ ಹನ್ನೆರಡು ವರ್ಷದ ಕಾರು ನಿಂತಿದೆ ಎನ್ನಿ. ಭತ್ತದ ಚೀಲ ಹೇರಿದ ಟ್ರ್ಯಾಕ್ಟರ್ ಟ್ರೈಲರು ತಿರುಗುವಾಗ ಉಜ್ಜಿಕೊಂಡು ಹೋಯಿತು. ಬಾಗಿಲು ನೆಗ್ಗಿತು, ಬಂಪರು ಜೋತುಬಿತ್ತು. ನಿಮ್ಮ ಹತ್ತಿರ ಇರುವುದು ಬರೀ ಥರ್ಡ್ ಪಾರ್ಟಿ ಇನ್ಶೂರೆನ್ಸ್. ನಿಮ್ಮ ಕಂಪನಿ ಎಷ್ಟು ಕೊಡುತ್ತದೆ ಗೊತ್ತೇ? ಒಂದು ರೂಪಾಯಿಯೂ ಇಲ್ಲ!

ಯಾಕೆಂದರೆ ಇಲ್ಲಿ ಥರ್ಡ್ ಪಾರ್ಟಿ ನೀವೇ! ಪಾಲಿಸಿ ಮಾಡಿಸಿದವರು ಮೊದಲನೆಯವರು, ಕಂಪನಿ ಎರಡನೆಯದು, ಏಟು ತಿಂದವರು ಮೂರನೆಯವರು. ನಿಮಗೆ ದುಡ್ಡು ಕಟ್ಟಿಕೊಡಬೇಕಾದ್ದು ಗುದ್ದಿದವರ ಕಂಪನಿ.

ಗುದ್ದಿದ್ದು ಬೈಕಾದರೂ ಪರವಾಗಿಲ್ಲ. ಸಾಮಾನ್ಯ ಪಾಲಿಸಿಯಲ್ಲಿ ಇತರರ ಆಸ್ತಿಹಾನಿಗೆ ಬೈಕಿಗೆ 1 ಲಕ್ಷ, ಕಾರಿಗೆ 7.5 ಲಕ್ಷ ರೂಪಾಯಿವರೆಗೆ ರಕ್ಷಣೆ ಇರುತ್ತದೆ!

ನಿಮ್ಮದು ಫುಲ್ ಇನ್ಶೂರೆನ್ಸೇ? ಆದರೂ ಲೆಕ್ಕ ನೋಡಿ. ಹತ್ತು ವರ್ಷ ದಾಟಿದ ಗಾಡಿಯ ಲೋಹದ ಭಾಗಕ್ಕೆ ಸವಕಳಿ ಎಂದು ಶೇ 50 ಕಡಿತ. ಪ್ಲಾಸ್ಟಿಕ್ಕಿಗೂ ಶೇ 50. ಬಾಗಿಲಿಗೆ 6,000, ಬಂಪರಿಗೆ 4,000 ರೂಪಾಯಿ ಆಯಿತೆನ್ನಿ. ಅರ್ಧ ಹೋಗಿ 5,000 ಉಳಿಯಿತು. 1,500 ಸಿಸಿವರೆಗಿನ ಕಾರಾದರೆ ಇನ್ನೂ 1,000 ನಿಮ್ಮ ಕೈಯಿಂದಲೇ. ಹತ್ತು ಸಾವಿರದ ಸಾಮಾನಿಗೆ ಬಂದದ್ದು ನಾಲ್ಕೇ ಸಾವಿರ!

ಆದರೆ ಗಾಜಿಗೆ ವಯಸ್ಸೇ ಇಲ್ಲ! ಎಷ್ಟೇ ಹಳೆಯ ಕಾರಿರಲಿ, ಒಡೆದ ಗಾಜಿಗೆ ಸವಕಳಿ ಸೊನ್ನೆ.

ಐದು ವರ್ಷ ಕ್ಲೇಮ್ ಮಾಡದೆ ಇದ್ದವರಿಗೆ ಸ್ವಂತ ಹಾನಿಯ ಪ್ರೀಮಿಯಂನಲ್ಲಿ ಶೇ 50 ರಿಯಾಯಿತಿ, ಅದೇ ನೋ ಕ್ಲೇಮ್ ಬೋನಸ್. ಆ ನಾಲ್ಕು ಸಾವಿರ ಪಡೆದರೆ, ಅಷ್ಟು ವರ್ಷ ಕೂಡಿಟ್ಟ ಬೋನಸ್ ಒಂದೇ ಏಟಿಗೆ ಸೊನ್ನೆ! ಚಿಕ್ಕ ನೆಗ್ಗಿಗೆ ಕ್ಲೇಮ್ ಮಾಡುವುದು ನನ್ನ ಪ್ರಕಾರ ನಷ್ಟದ ಬಾಬತ್ತು. ಗುದ್ದಿದವರ ಪಾಲಿಸಿಯಿಂದ ಪಡೆದರೆ ಮಾತ್ರ ನಿಮ್ಮ ಬೋನಸ್ಸಿಗೆ ಏನೂ ಆಗುವುದಿಲ್ಲ.

ಅವರ ಕಂಪನಿ ಒಪ್ಪದಿದ್ದರೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ ಇದೆ. ಅದು ಸತ್ತವರಿಗೆ, ಗಾಯಗೊಂಡವರಿಗೆ ಮಾತ್ರ ಎಂದುಕೊಂಡಿದ್ದೀರಾ? ನೆಗ್ಗಿದ ಬಾಗಿಲಿಗೂ ಅರ್ಜಿ ಹಾಕಬಹುದು! ಲಿಂಗಸುಗೂರಿನವರ ಗಾಡಿಗೆ ಬೆಂಗಳೂರಿನಲ್ಲಿ ಏಟು ಬಿದ್ದರೂ ಲಿಂಗಸುಗೂರಿನಲ್ಲೇ ಕೇಸು ಹಾಕಬಹುದು. ವಾಸವಿರುವ ಊರಿನಲ್ಲಿ ಹಾಕಲು ಕಾನೂನೇ ಅವಕಾಶ ಕೊಟ್ಟಿದೆ. ಅಪಘಾತವಾದ ಆರು ತಿಂಗಳೊಳಗೆ ಎನ್ನುತ್ತದೆ ಕಾನೂನು, ತಡಮಾಡಬೇಡಿ.

ಗುದ್ದಿ ಓಡಿಹೋದರೆ? ಅಂಥ ಪ್ರಕರಣಗಳಿಗೆ ಸರ್ಕಾರದ ಪರಿಹಾರ ಯೋಜನೆ ಇದೆ. ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000. ಗಾಡಿಗೆ ಮಾತ್ರ ಏನೂ ಇಲ್ಲ!

ಅದಕ್ಕೇ ನಂಬರ್ ಪ್ಲೇಟ್ ಚಿನ್ನದಷ್ಟು ಬೆಲೆಯದು. ಎಂ-ಪರಿವಾಹನ್ ಆ್ಯಪಿನಲ್ಲಿ ನಂಬರು ಹಾಕಿದರೆ ಆ ಗಾಡಿಯ ಇನ್ಶೂರೆನ್ಸ್ ಯಾವತ್ತಿನವರೆಗೆ ಇದೆ ಎಂದು ಕೂತಲ್ಲೇ ತಿಳಿಯುತ್ತದೆ. ಇನ್ನೊಂದು ವಿಷಯ: ಟ್ರ್ಯಾಕ್ಟರಿಗೊಂದು ನಂಬರು, ಟ್ರೈಲರಿಗೆ ಬೇರೆಯೇ ನಂಬರು!

ನಾಳೆ ಮಸ್ಕಿಯ ಸಂತೆಯಲ್ಲಿ ಯಾರಾದರೂ ನಿಮ್ಮ ಗಾಡಿಗೆ ಗುದ್ದಿ, "ಐನೂರು ತಗೋ ಅಣ್ಣಾ, ಬಿಟ್ಟುಬಿಡು" ಎಂದರೆ ತಕ್ಷಣ ಕೈ ಚಾಚಬೇಡಿ. ಮೊದಲು ಎರಡೂ ನಂಬರಿನ ಫೋಟೊ ತೆಗೆದುಕೊಳ್ಳಿ!